ಬೀದಿಯ ಅಗಲ ಮತ್ತು ಸಾಲುಮರ

ಕನ್ನಡದಲ್ಲಿ 'ಸಾಲುಮರ' ಎಂಬ ಮಾತಿದೆ. ಅದನ್ನು ಕೇಳಿದೊಡನೆ ನಮ್ಮ ಕಣ್ಣಮುಂದೆ ಬರುವುದು ಬರಿಯ ಮರಗಳಲ್ಲ. ಅವುಗಳ ನಡುವಣ ದಾರಿ ಮತ್ತು ಆ ದಾರಿಯಲ್ಲಿ ನಡೆಯುವ ಮನುಷ್ಯ. ತೋಪಿಗೆ ದಾರಿ ಬೇಕಾಗಿಲ್ಲ, ಸಾಲುಮರಕ್ಕೆ ಬೇಕು. ಹೀಗೆ ನಮ್ಮ ಹಿರಿಯರು ಒಂದೇ ಮಾತಿನಲ್ಲಿ ಕಟ್ಟಿಟ್ಟ ಎರಡು ವಸ್ತುಗಳನ್ನು ಇಂದಿನ ನಗರಾಡಳಿತವು ಬೇರ್ಪಡಿಸಿದೆ. ದಾರಿ ಒಂದು ಇಲಾಖೆಯ ಸ್ವತ್ತು, ಮರ ಇನ್ನೊಂದರ ಸ್ವತ್ತು. ಇವೆರಡಕ್ಕೂ ಜಗಳ ಬಿದ್ದಾಗ ಮರವೇ ಸೋಲುವುದು ವಾಡಿಕೆ. ಬೀದಿಯನ್ನು ಅಗಲಮಾಡುವುದಕ್ಕೆ ಬದಲಾಗಿ ಕಿರಿದುಮಾಡಿ, ಉಳಿದ ನೆಲವನ್ನು ಮರಕ್ಕೂ ಕಾಲ್ನಡಿಗೆಯವರಿಗೂ ಬಿಟ್ಟುಕೊಡಬೇಕೆಂಬ ವಿಚಾರವು ಈಚೆಗೆ ಹಲವು ನಗರಗಳಲ್ಲಿ ಬಲಗೊಂಡಿದೆ. ಆ ವಿಚಾರದ ಆಧಾರವೇನು, ದೆಹಲಿಯಲ್ಲಿ ಅದಕ್ಕೆ ಎಷ್ಟು ಎಡೆಯಿದೆ ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ನನಗೆ ಈ ವಿಷಯದಲ್ಲಿ ಆಸಕ್ತಿ ಹುಟ್ಟಿದ್ದು ಪುಸ್ತಕದಿಂದಲ್ಲ. ಧಾರವಾಡದಿಂದ ಬಂದು ನಮ್ಮೊಡನೆ ಇರುವ ನನ್ನ ತಾಯಿಯವರು ಯಮುನೆಯಾಚೆಯ ನಮ್ಮ ಬಡಾವಣೆಯಲ್ಲಿ ಮೊದಲ ಒಂದು ವರ್ಷ ದಿನವೂ ಸಂಜೆ ಎದುರಿನ ಉದ್ಯಾನಕ್ಕೆ ಹೋಗುತ್ತಿದ್ದರು. ಬರಬರುತ್ತ ಅದು ನಿಂತಿತು. ಕಾಲುನೋವೇ ಕಾರಣವೆಂದು ನಾವು ಭಾವಿಸಿದ್ದೆವು. ಒಂದು ದಿನ ಕೇಳಲಾಗಿ ಅವರು, "ಕಾಲಿಗೇನೂ ಆಗಿಲ್ಲ; ಆ ರಸ್ತೆ ದಾಟುವ ಧೈರ್ಯ ಹೋಗಿದೆ. ಇದನ್ನು ಯಾರಿಗಾಗಿ ಇಷ್ಟು ಅಗಲ ಮಾಡಿದ್ದಾರೆ?" ಎಂದರು. ಬ್ಯಾಂಕಿನಲ್ಲಿ ಇಪ್ಪತ್ತು ವರ್ಷ ಲೆಕ್ಕ ನೋಡಿದ ನನಗೆ ಈ ಸರಳವಾದ ಲೆಕ್ಕವನ್ನು ಯಾರೂ ಕೇಳಿರಲಿಲ್ಲ.

೧

ಯಾರಿಗಾಗಿ ಎಂಬ ಪ್ರಶ್ನೆಯನ್ನು ಚರಿತ್ರೆಗೆ ಹಾಕಿದರೆ ಉತ್ತರ ಕಾಲಕಾಲಕ್ಕೆ ಬದಲಾಗಿರುವುದು ಕಾಣುತ್ತದೆ. ಸಂಸ್ಕೃತದ 'ವೀಥಿ'ಯಿಂದ ಬಂದ ನಮ್ಮ 'ಬೀದಿ'ಯಲ್ಲಿ ರಥಬೀದಿ, ಅಂಗಡಿಬೀದಿ ಎಂಬ ಭೇದಗಳಿವೆ. ಹಂಪೆಯ ವಿರೂಪಾಕ್ಷನ ಮುಂದಣ ಬೀದಿ ಅಗಲವಾಗಿರುವುದು ತೇರಿಗಾಗಿ, ತೇರನ್ನೆಳೆಯುವ ಜನಸಮೂಹಕ್ಕಾಗಿ. ಬೀದಿಯ ಅಗಲವು ಪ್ರಕೃತಿನಿಯಮವಲ್ಲ. ಆಯಾ ಕಾಲದ ಸಮಾಜವು ಯಾರನ್ನು ಗಣ್ಯರೆಂದು ಎಣಿಸಿತೆಂಬುದರ ದಾಖಲೆ.

ದೆಹಲಿಯಲ್ಲಿ ಈ ದಾಖಲೆ ಬಹಳ ಹಳೆಯದು. ಫಿರೋಜ್ ಷಾ ಕೋಟ್ಲಾದ ಮೇಲೆ ನಿಂತಿರುವ ಅಶೋಕಸ್ತಂಭವನ್ನು ಹದಿನಾಲ್ಕನೆಯ ಶತಮಾನದಲ್ಲಿ ಫಿರೋಜ್ ಷಾ ತುಘಲಕನು ತೋಪ್ರಾ ಗ್ರಾಮದಿಂದ ತರಿಸಿದನು. ಅಶೋಕನ ಏಳನೆಯ ಸ್ತಂಭಶಾಸನವು ಈ ಕಂಬವೊಂದರ ಮೇಲೆ ಮಾತ್ರ ಉಳಿದಿದೆ. ಜನಗಳಿಗೂ ಪಶುಗಳಿಗೂ ನೆರಳಾಗಲೆಂದು ದಾರಿಗಳಲ್ಲಿ ಆಲದ ಮರಗಳನ್ನು ನೆಡಿಸಿದುದನ್ನೂ, ಮಾವಿನ ತೋಪುಗಳನ್ನು ಹಾಕಿಸಿದುದನ್ನೂ, ಬಾವಿ ತೋಡಿಸಿದುದನ್ನೂ ಅರಸನು ಅದರಲ್ಲಿ ಹೇಳಿಕೊಂಡಿದ್ದಾನೆ. ೧೯೧೫ರಲ್ಲಿ ದೊರೆತ ನಮ್ಮ ಮಸ್ಕಿಯ ಶಾಸನದಲ್ಲಿ ಯಾರ ಹೆಸರು ಸ್ಪಷ್ಟವಾಗಿ ಕಾಣಿಸಿತೋ, ಆತನೇ ದೆಹಲಿಯ ಕಂಬದಲ್ಲಿ ಸಾಲುಮರದ ಮಾತನಾಡುತ್ತಾನೆ ಎಂಬುದು ಕನ್ನಡಿಗರಿಗೆ ಸಂತೋಷ ಕೊಡತಕ್ಕ ವಿಷಯ. ರಸ್ತೆಯ ನೆರಳು ಅರಸನ ಕರ್ತವ್ಯವೆಂಬ ಭಾವನೆ ನಮ್ಮಲ್ಲಿ ಅಷ್ಟು ಪ್ರಾಚೀನವಾದುದು.

ಚಾಂದನಿ ಚೌಕವನ್ನು ನೋಡೋಣ. ೧೬೫೦ರ ಸುಮಾರಿಗೆ ಷಹಜಹಾನನ ಮಗಳು ಜಹನಾರಾ ಬೇಗಂ ಈ ಬೀದಿಯನ್ನು ಕಟ್ಟಿಸಿದಾಗ ನಡುವೆ ಕಾಲುವೆಯೂ ಅದರ ಇಕ್ಕೆಲಗಳಲ್ಲಿ ಮರಗಳೂ ಇದ್ದವು. ಬೀದಿ ಅಗಲವಾಗಿದ್ದುದು ನಿಜ. ಆದರೆ ಆ ಅಗಲದ ಹೃದಯಭಾಗವು ನೀರಿಗೂ ನೆರಳಿಗೂ ಮೀಸಲಾಗಿತ್ತು. ಮುಂದೆ ಕಾಲುವೆ ಮುಚ್ಚಿಹೋಯಿತು, ಮರಗಳು ಹೋದವು. ೧೯೦೮ರಲ್ಲಿ ಟ್ರಾಂ ಬಂದಿತು, ೧೯೬೩ರಲ್ಲಿ ಹೋಯಿತು. ಆಮೇಲೆ ಮೋಟಾರು ಬೀದಿಯನ್ನು ತುಂಬಿತು. ನೀರು ಹರಿದಿದ್ದ ಎಡೆಯಲ್ಲಿ ಹೊಗೆ ಹರಿಯಿತು.

ಹೊಸದಿಲ್ಲಿಯ ಕಥೆ ಬೇರೆ. ೧೯೧೧ರಲ್ಲಿ ರಾಜಧಾನಿಯ ಬದಲಾವಣೆ ಘೋಷಿತವಾದ ಮೇಲೆ ಕಟ್ಟಿದ ಆ ನಗರದಲ್ಲಿ ರಸ್ತೆಯೊಡನೆಯೇ ಮರವನ್ನೂ ನಿಶ್ಚಯಿಸಿದರು: ಜನಪಥಕ್ಕೆ ಮತ್ತಿ ಜಾತಿಯ ಅರ್ಜುನ, ಅಕ್ಬರ್ ರಸ್ತೆಗೆ ಹುಣಿಸೆ, ಅಶೋಕ ರಸ್ತೆಗೆ ನೇರಳೆ. ಇಂದು ಹೊರಗಿನವರು ದೆಹಲಿಯನ್ನು ಹಸಿರು ನಗರವೆಂದು ಹೊಗಳುವುದು ಬಹುಮಟ್ಟಿಗೆ ಆ ಅಸಲಿನ ಮೇಲಿನ ಬಡ್ಡಿ. ಆದರೆ ಆ ನೆರಳು ಬಂಗಲೆಗಳ ನೆರಳು. ಸ್ವಾತಂತ್ರ್ಯದ ಅನಂತರ ನಾವು ನೀವು ಬಂದು ನೆಲೆಸಿದ ಬಡಾವಣೆಗಳಲ್ಲಿ ಅಂಥ ಅಸಲನ್ನು ಯಾರೂ ಕೂಡಿಡಲಿಲ್ಲ.

೨

ಬೀದಿಯನ್ನು ಕಿರಿದುಮಾಡಿದರೆ ವೇಗ ಏಕೆ ತಗ್ಗುತ್ತದೆ? ಚಾಲಕನು ಫಲಕವನ್ನು ಓದಿ ವೇಗವನ್ನು ನಿರ್ಧರಿಸುವುದಿಲ್ಲ. ರಸ್ತೆಯನ್ನು ಓದಿ ನಿರ್ಧರಿಸುತ್ತಾನೆ. ಅಗಲವಾದ, ನೇರವಾದ, ಬೋಳಾದ ರಸ್ತೆ 'ಹೋಗು' ಎನ್ನುತ್ತದೆ. ಇಕ್ಕೆಲದ ಮರಗಳು ಹತ್ತಿರ ಬಂದು, ತಿರುವಿನಲ್ಲಿ ಕಾಲುದಾರಿಯ ಅಂಚು ಮುಂದಕ್ಕೆ ಚಾಚಿಕೊಂಡಿದ್ದರೆ ಅದೇ ಕಾಲು ತಾನಾಗಿ ಬ್ರೇಕಿನ ಮೇಲೆ ಹೋಗುತ್ತದೆ.

ವೇಗ ತಗ್ಗಿದರೆ ಏನಾಗುತ್ತದೆಂಬುದಕ್ಕೆ ಒಂದು ಸಣ್ಣ ಗಣಿತ ಸಾಕು. ಮಗುವೊಂದು ರಸ್ತೆಗೆ ಓಡಿಬಂದುದನ್ನು ಕಂಡು ಬ್ರೇಕು ಒತ್ತಲು ಚಾಲಕನಿಗೆ ಒಂದು ಸೆಕೆಂಡು ಹಿಡಿಯುತ್ತದೆಂದು ಇಟ್ಟುಕೊಳ್ಳೋಣ. ಗಂಟೆಗೆ ೩೦ ಕಿಲೋಮೀಟರಿನ ವೇಗದಲ್ಲಿ ಬರುವ ಕಾರು ಒಣ ರಸ್ತೆಯಲ್ಲಿ ಸುಮಾರು ೧೩ ಮೀಟರಿನೊಳಗೆ ಪೂರ್ತಿಯಾಗಿ ನಿಲ್ಲುತ್ತದೆ. ೫೦ ಕಿಲೋಮೀಟರಿನ ವೇಗದಲ್ಲಿ ಬರುವ ಕಾರು ಆ ಒಂದು ಸೆಕೆಂಡಿನಲ್ಲಿಯೇ ಸುಮಾರು ೧೪ ಮೀಟರು ಸಾಗಿಬಿಟ್ಟಿರುತ್ತದೆ. ನಿಲ್ಲುವ ಹೊತ್ತಿಗೆ ೨೮ ಮೀಟರು. ಎಂದರೆ ಮೊದಲನೆಯ ಕಾರು ನಿಂತ ಜಾಗದಲ್ಲಿ ಎರಡನೆಯ ಕಾರಿನ ಬ್ರೇಕು ಇನ್ನೂ ಹತ್ತಿಯೇ ಇರುವುದಿಲ್ಲ. ಘಾತದ ಶಕ್ತಿಯು ವೇಗದ ವರ್ಗಕ್ಕನುಗುಣವಾಗಿ ಹೆಚ್ಚುವುದರಿಂದ ಹೊಡೆತವೂ ಮೂರುಪಟ್ಟಿಗೆ ಹತ್ತಿರವಾಗುತ್ತದೆ.

ದಾಟುವವರ ಲೆಕ್ಕವನ್ನೂ ನೋಡಬೇಕು. ವಯಸ್ಸಾದವರು ಸೆಕೆಂಡಿಗೆ ಸುಮಾರು ೦.೮ ಮೀಟರು ನಡೆಯುತ್ತಾರೆಂದರೆ, ಒಂಬತ್ತು ಮೀಟರಿನ ರಸ್ತೆಯನ್ನು ದಾಟಲು ಹನ್ನೊಂದು ಸೆಕೆಂಡು ಬೇಕು. ಐದೂವರೆ ಮೀಟರಿಗೆ ಏಳು ಸೆಕೆಂಡು ಸಾಕು. ಉಳಿದ ನಾಲ್ಕು ಸೆಕೆಂಡುಗಳಲ್ಲಿ ೫೦ ಕಿಲೋಮೀಟರು ವೇಗದ ಕಾರು ೫೫ ಮೀಟರು ಕ್ರಮಿಸುತ್ತದೆ. ನನ್ನ ತಾಯಿಯವರು ಕಳೆದುಕೊಂಡ ಧೈರ್ಯದ ಅಳತೆ ಈ ನಾಲ್ಕು ಸೆಕೆಂಡು.

ಒಂಬತ್ತು ಮೀಟರಿನ ಬಡಾವಣೆಯ ರಸ್ತೆಯಲ್ಲಿ ಎರಡು ಕಾರುಗಳು ನಿಧಾನವಾಗಿ ಎದುರುಬದುರು ಹಾದುಹೋಗಲು ಐದೂವರೆ ಮೀಟರು ಸಾಲುತ್ತದೆ. ಮಿಕ್ಕ ಮೂರೂವರೆ ಮೀಟರಿನಲ್ಲಿ ಒಂದು ಸಾಲು ಮರ, ಮರಗಳ ನಡುವೆ ಕಾರು ನಿಲ್ಲಿಸುವ ಎಡೆ, ಪಕ್ಕದಲ್ಲಿ ನಡೆಯುವ ಹಾದಿ ಇವನ್ನು ಹೊಂದಿಸಬಹುದು. ನೆರಳಿನ ಬೆಲೆಯನ್ನೂ ಅಳೆದವರಿದ್ದಾರೆ. ಬೆಂಗಳೂರಿನ ಬೀದಿಮರಗಳನ್ನು ಕುರಿತು ೨೦೧೩ರಲ್ಲಿ ಪ್ರಕಟವಾದ ಒಂದು ಅಧ್ಯಯನವು, ಮರವಿರುವ ಬೀದಿಭಾಗಗಳಲ್ಲಿ ಮಧ್ಯಾಹ್ನದ ಗಾಳಿ ೫.೬ ಡಿಗ್ರಿಯವರೆಗೂ, ಡಾಂಬರಿನ ಮೈ ೨೭.೫ ಡಿಗ್ರಿಯವರೆಗೂ ತಂಪಾಗಿರಬಲ್ಲುದೆಂದು ಕಂಡುಕೊಂಡಿತು. ಬೆಂಗಳೂರಿನಲ್ಲಿಯೇ ಹೀಗಾದರೆ, ಜ್ಯೇಷ್ಠಮಾಸದ 'ಲೂ' ಬೀಸುವ ದೆಹಲಿಯಲ್ಲಿ ತರಕಾರಿಯ ಗಾಡಿ ತಳ್ಳುವವನಿಗೆ ಈ ಅಂತರ ಏನೆಂಬುದನ್ನು ವಾಚಕರೇ ಊಹಿಸಬಹುದು.

೩

ಇದು ಕೇವಲ ಊಹೆಯ ಯೋಜನೆಯಲ್ಲ. ಹಾಲೆಂಡಿನ ಡೆಲ್ಫ್ಟ್ ನಗರದ ನಿವಾಸಿಗಳು ೧೯೬೦ರ ದಶಕದ ಕೊನೆಯಲ್ಲಿ ಮನೆಮುಂದಣ ಬೀದಿಗಳಲ್ಲಿ ಮರ, ಕಟ್ಟೆ, ತಿರುವುಗಳನ್ನು ಇಟ್ಟು ಕಾರಿನ ವೇಗವನ್ನು ನಡಿಗೆಯ ಹತ್ತಿರಕ್ಕೆ ಇಳಿಸಿದರು. ೧೯೭೬ರಲ್ಲಿ ಆ ದೇಶ ಅದಕ್ಕೆ ಕಾನೂನಿನ ಮಾನ್ಯತೆ ಕೊಟ್ಟಿತು. ಅದೇ ಕಾಲದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಮೂರು ಬೀದಿಗಳನ್ನು ಹೋಲಿಸಿದ ಡೊನಾಲ್ಡ್ ಆಪಲ್‌ಯಾರ್ಡ್ ಎಂಬ ವಿದ್ವಾಂಸರು, ವಾಹನ ಕಡಮೆಯಿರುವ ಬೀದಿಯವರಿಗೆ ವಾಹನ ದಟ್ಟವಾದ ಬೀದಿಯವರಿಗಿಂತ ಮೂರುಪಟ್ಟು ನೆರೆಯ ಗೆಳೆಯರಿರುವುದನ್ನು ತೋರಿಸಿದರು. ರಸ್ತೆಯ ಅಗಲವು ನೆರೆಹೊರೆಯ ಅಂತರವೂ ಹೌದು.

ಬೆಂಗಳೂರಿನಲ್ಲಿ ಎರಡು ಬಗೆಯ ದೃಷ್ಟಾಂತಗಳೂ ಇವೆ. ೧೯೮೦ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್. ಜಿ. ನೇಗಿನಹಾಳರ ನೇತೃತ್ವದಲ್ಲಿ ಸುಮಾರು ೧೫ ಲಕ್ಷ ಸಸಿಗಳು ನಗರದಲ್ಲಿ ಬೇರೂರಿದವು. ಮುಂದಿನ ದಶಕಗಳಲ್ಲಿ ರಸ್ತೆ ಅಗಲಿಸುವ ಹೆಸರಿನಲ್ಲಿ ಎಷ್ಟೋ ಸಾಲುಗಳು ಉರುಳಿದವು. ಇದಕ್ಕೆ ಪ್ರತಿಯಾಗಿ ೨೦೧೫ರ ಸುಮಾರಿಗೆ ನಗರದ ನಡುಭಾಗದ ಕೆಲವು ರಸ್ತೆಗಳಲ್ಲಿ 'ಟೆಂಡರ್ ಶೂರ್' ಯೋಜನೆ ಮುಗಿಯಿತು. ಒಂದೆಡೆ ಹಿಗ್ಗಿ ಒಂದೆಡೆ ಕುಗ್ಗುತ್ತಿದ್ದ ವಾಹನಮಾರ್ಗವನ್ನು ಉದ್ದಕ್ಕೂ ಒಂದೇ ಅಗಲಕ್ಕೆ ತಂದು, ತಂತಿ ಕೊಳವೆಗಳನ್ನು ನೆಲದೊಳಗೆ ಕ್ರಮವಾಗಿಟ್ಟು, ಮಿಕ್ಕುದನ್ನು ಕಾಲುದಾರಿಗೆ ಕೊಟ್ಟರು. ಖರ್ಚು ಹೆಚ್ಚೆಂಬ ಆಕ್ಷೇಪ ಬಂದಿತು. ಆದರೂ ರಸ್ತೆಯಲ್ಲಿ ವಾಹನ ನಿಲ್ಲುವುದು ಅತ್ಯಂತ ಕಿರಿದಾದ ಕೊರಳಿನಲ್ಲಿ. ಅದರ ಹಿಂದುಮುಂದಿನ ಹೆಚ್ಚುವರಿ ಅಗಲದಿಂದ ಸಂಚಾರಕ್ಕೆ ಲಾಭವಿಲ್ಲವೆಂಬ ತತ್ತ್ವವನ್ನು ಅದು ಮನಗಾಣಿಸಿತು.

ದೆಹಲಿಯಲ್ಲಿ ೨೦೦೮ರಲ್ಲಿ ಅಭಿವೃದ್ಧಿ ಪ್ರಾಧಿಕಾರದ ಅಂಗವಾಗಿ ಏರ್ಪಟ್ಟ ಸಂಚಾರ ಕೇಂದ್ರವು ೨೦೧೦ರಲ್ಲಿ ಬೀದಿ ರಚನೆಯ ಸೂತ್ರಗಳನ್ನು ಹೊರಡಿಸಿ, ಕಾಲ್ನಡಿಗೆಗೂ ಮರಗಳಿಗೂ ಸ್ಥಳವಿಡಬೇಕೆಂದು ಹೇಳಿತು. ೧೯೯೪ರ ವೃಕ್ಷಸಂರಕ್ಷಣಾ ಕಾಯಿದೆ ಮೊದಲೇ ಇದ್ದಿತು. ೨೦೧೩ರ ಏಪ್ರಿಲಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು ಮರದ ಸುತ್ತ ಒಂದು ಮೀಟರಿನೊಳಗಿನ ಕಾಂಕ್ರೀಟನ್ನು ತೆಗೆಯಬೇಕೆಂದು ಆಜ್ಞಾಪಿಸಿತು. ಚಾಂದನಿ ಚೌಕವನ್ನು ಹೊಸದಾಗಿ ರಚಿಸಿ ೨೦೨೧ರ ಸೆಪ್ಟೆಂಬರಿನಲ್ಲಿ ಜನರಿಗೆ ಒಪ್ಪಿಸಿದರು. ಬೆಳಗ್ಗೆ ೯ರಿಂದ ರಾತ್ರಿ ೯ರವರೆಗೆ ಮೋಟಾರು ವಾಹನಗಳನ್ನು ನಿಷೇಧಿಸಿ ಬೀದಿಯನ್ನು ನಡೆಯುವವರಿಗೂ ರಿಕ್ಷಾದವರಿಗೂ ಬಿಟ್ಟರು. ಇದು ದೊಡ್ಡ ಹೆಜ್ಜೆ. ಆದರೆ ಅಲ್ಲಿ ಹಾಸಿದ ಕೆಂಪು ಕಲ್ಲಿಗೆ ತಕ್ಕಷ್ಟು ನೆರಳು ಬರಲಿಲ್ಲ. ಜಹನಾರಾಳ ಮರದ ಸಾಲು ಮರಳಲಿಲ್ಲ. ವಾಹನವನ್ನು ಹೊರಗಿಟ್ಟ ಮಾತ್ರಕ್ಕೆ ಬೀದಿ ತಂಪಾಗುವುದಿಲ್ಲ.

೪

ಆಕ್ಷೇಪಗಳನ್ನು ಹಗುರವಾಗಿ ಕಾಣಬಾರದು. ಅಗ್ನಿಶಾಮಕ ಬಂಡಿಗೂ ಆಂಬುಲೆನ್ಸಿಗೂ ದಾರಿ ಬೇಕು. ಆದರೆ ನಮ್ಮ ಬಡಾವಣೆಗಳಲ್ಲಿ ಅವನ್ನು ತಡೆಯುವುದು ಮರವಲ್ಲ, ಎರಡು ಸಾಲಾಗಿ ನಿಂತ ಕಾರುಗಳು. ಗುರುತಿಸಿದ ನಿಲ್ದಾಣದೊಡನೆ ಐದೂವರೆ ಮೀಟರು ತೆರವಾಗಿದ್ದರೆ ಅವು ಈಗಿಗಿಂತ ಸುಲಭವಾಗಿ ಹೋಗಬಲ್ಲವು. ಒಂದು ಬೀದಿಯನ್ನು ಕಿರಿದುಮಾಡಿದರೆ ವಾಹನಗಳು ಪಕ್ಕದ ಬೀದಿಗೆ ನುಗ್ಗುತ್ತವೆಂಬುದು ನಿಜ. ಆದ್ದರಿಂದ ಬಡಾವಣೆಯನ್ನು ಇಡಿಯಾಗಿ ನೋಡಿ ಯೋಜಿಸಬೇಕು. ದೊಡ್ಡ ಬಸ್ಸುಗಳು ಓಡುವ ರಾಜಮಾರ್ಗಕ್ಕೆ ಈ ವಿಧಾನ ಹೊಂದುವುದಿಲ್ಲ.

ಎಲ್ಲಕ್ಕಿಂತ ಕಠಿಣವಾದುದು ಸಮ್ಮತಿಯ ಪ್ರಶ್ನೆ. ಅಂಬೇಡ್ಕರ್ ನಗರದಿಂದ ಮೂಲ್‌ಚಂದ್‌ವರೆಗೆ ೨೦೦೮ರಲ್ಲಿ ಬಸ್ಸಿಗೂ ಸೈಕಲ್ಲಿಗೂ ಪಾಲು ಕೊಟ್ಟ ೫.೮ ಕಿಲೋಮೀಟರಿನ ಮಾರ್ಗವನ್ನು ಕಾರಿನವರ ಅಸಮಾಧಾನದ ನಡುವೆ ೨೦೧೬ರಲ್ಲಿ ಕಿತ್ತುಹಾಕಲಾಯಿತು. ಅದರ ರಚನೆಯಲ್ಲಿ ದೋಷಗಳಿದ್ದುವು. ಆದರೆ ಮುಖ್ಯ ಪಾಠವೆಂದರೆ, ನೆಲದ ಪಾಲನ್ನು ಬದಲಿಸುವಾಗ ಪಾಲುದಾರರನ್ನು ಮೊದಲು ಕೂರಿಸಿ ಮಾತನಾಡಬೇಕು.

ಈ ಮಾತನ್ನು ನಾನು ಅನುಭವದಿಂದಲೂ ಹೇಳುತ್ತಿದ್ದೇನೆ. ನಮ್ಮ ಬೀದಿಯ ತಿರುವಿನಲ್ಲೊಂದು ಬೇವಿನ ಮರವಿತ್ತು. ಬುಡದವರೆಗೂ ಸಿಮೆಂಟು ಮೆತ್ತಿ, ಚರಂಡಿಗಾಗಿ ಒಂದು ಪಕ್ಕದ ಬೇರನ್ನು ಕಡಿದಿದ್ದರು. ಒಂದು ಜೂನಿನ ಬಿರುಗಾಳಿಗೆ ಅದು ನಿಂತಿದ್ದ ಕಾರಿನ ಮೇಲೆ ಬಿದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಮರುದಿನದ ಸಭೆಯಲ್ಲಿ ಎಲ್ಲರೂ ಮರವನ್ನೇ ದೂರಿದರು. ಬೇರನ್ನು ಕಡಿದ ಮಾತು ಬರಲೇ ಇಲ್ಲ. ನಾನೂ ಸುಮ್ಮನೆ ಕುಳಿತಿದ್ದೆ. ಆ ಮೌನದ ಪ್ರಾಯಶ್ಚಿತ್ತವೆಂದು ಬೇಕಾದರೆ ಈ ಲೇಖನವನ್ನು ಎಣಿಸಬಹುದು.

೫

ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ತಮ್ಮ ತಮ್ಮ ಬಡಾವಣೆಯ ನಿವಾಸಿಸಂಘಗಳಲ್ಲಿ ಹೊಣೆ ಹೊತ್ತಿದ್ದಾರೆ. ಅವರಿಗೆ ಮೂರು ಕೆಲಸಗಳನ್ನು ಸೂಚಿಸುತ್ತೇನೆ. ಮೊದಲು, ಇರುವ ಮರಗಳ ಬುಡದಲ್ಲಿ ಒಂದು ಮೀಟರು ಮಣ್ಣನ್ನು ಬಿಡಿಸಿ. ಇದಕ್ಕೆ ಆಜ್ಞೆ ಆಗಲೇ ಇದೆ. ಎರಡನೆಯದಾಗಿ, ಬೀದಿಯನ್ನು ಟೇಪಿನಿಂದ ಅಳೆದು, ಸಂಚಾರಕ್ಕೆ ಬೇಕಾದುದೆಷ್ಟು, ಮಿಗುವುದೆಷ್ಟು ಎಂದು ಲೆಕ್ಕ ಬರೆದಿಡಿ. ಮೂರನೆಯದಾಗಿ, ಒಂದೇ ಒಂದು ತಿರುವಿನಲ್ಲಿ ಸುಣ್ಣದ ಗೆರೆ ಎಳೆದು, ಕುಂಡಗಳನ್ನಿಟ್ಟು ಕೆಲವು ತಿಂಗಳು ಪರೀಕ್ಷಿಸಿ, ಒಪ್ಪಿಗೆಯಾದರೆ ಅಧಿಕಾರಿಗಳ ಅನುಮತಿಯೊಡನೆ ಸಸಿ ನೆಡಿ. ಕಿರಿದಾದ ಎಡೆಗೆ ಆಲ ಅರಳಿಗಳು ಬೇಡ. ಬೇಸಗೆಯಲ್ಲಿ ಹೊಂಬಣ್ಣದ ಹೂಬಿಡುವ ಕಕ್ಕೆಯಾಗಲಿ, ಯಾವುದರ ನೆರಳನ್ನು ನಮ್ಮವರು ತಾಯಿಯ ಮಡಿಲಿಗೆ ಹೋಲಿಸಿದ್ದಾರೋ ಆ ಹೊಂಗೆಯಾಗಲಿ ಒಪ್ಪುತ್ತದೆ.

ನಾವು ಈ ಊರಿಗೆ ಹೊರಗಿನಿಂದ ಬಂದವರು. ವರ್ಗವಾದರೆ, ನಿವೃತ್ತರಾದರೆ ಹೋಗುವವರು. ಇಲ್ಲಿ ಮರ ನೆಟ್ಟು ನಮಗೇನೆಂದು ಕೇಳುವವರುಂಟು. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರು ದಾರಿಯುದ್ದಕ್ಕೂ ಆಲದ ಸಸಿಗಳಿಗೆ ನೀರು ಹೊತ್ತದ್ದು ಹೋಗಿಬರುವ ಅಪರಿಚಿತರಿಗಾಗಿ. ಈ ವರ್ಷ ನಮ್ಮ ಬೀದಿಯ ತಿರುವಿನಲ್ಲಿ ಸುಣ್ಣದ ಗೆರೆಯಾಗಿದೆ. ಕುಂಡಗಳ ಈಚೆ ನಿಂತು ಎರಡೂ ಕಡೆ ನೋಡಿ, ನನ್ನ ತಾಯಿಯವರು ಒಮ್ಮೆ ದಾಟಿದ್ದಾರೆ.