ಕೋಷ್ಟಕದಿಂದ ಕಮಾಂಡಿಗೆ

ಬೆಂಗಳೂರಿನ ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಪೀಣ್ಯದ ಕಡೆ ಹೊರಟರೆ ಅದು ಯಂತ್ರಗಳದ್ದೇ ಸೀಮೆ. 1962ರಲ್ಲಿ ಆರಂಭವಾದ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಇರುವುದೂ ಈ ರಸ್ತೆಯಲ್ಲೇ. ಈ ಸಂಸ್ಥೆ ಸಿದ್ಧಪಡಿಸಿದ ‘ಮಷಿನ್ ಟೂಲ್ ಡಿಸೈನ್ ಹ್ಯಾಂಡ್‌ಬುಕ್’ ವಿನ್ಯಾಸಕಾರರ ಮೇಜಿನ ಮೇಲಿನ ಪುಸ್ತಕ. ಬೋಲ್ಟು, ಬೇರಿಂಗು, ಗೇರುಗಳ ಲೆಕ್ಕಕ್ಕೆ ಅದರ ಕೋಷ್ಟಕ ನೋಡಿ ಡ್ರಾಯಿಂಗಿಗೆ ಇಳಿಸುವುದು ರೂಢಿ.

ಪುಟ ತಿರುವುವ ಆ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸುವ ಕಸುಬೊಂದಿದೆ. 1982ರಲ್ಲಿ ಬಂದ ಡ್ರಾಯಿಂಗ್ ತಂತ್ರಾಂಶ ಆಟೋಕ್ಯಾಡ್‌ಗೆ 1986ರಲ್ಲಿ ಆಟೋಲಿಸ್ಪ್ ಎಂಬ ಪ್ರೋಗ್ರಾಮಿಂಗ್ ಭಾಷೆ ಸೇರಿತು. ತಂತ್ರಾಂಶದಲ್ಲಿಲ್ಲದ ಕಮಾಂಡನ್ನು ಡ್ರಾಫ್ಟ್ಸ್‌ಮನ್ ತಾನೇ ಬರೆದುಕೊಳ್ಳುವ ದಾರಿ ಆಗ ತೆರೆಯಿತು.

ಒಂದು ಫ್ಲ್ಯಾಂಜಿಗೆ ಎಂ10 ಬೋಲ್ಟು ಆರು ಬೇಕೆನ್ನಿ. ಆ ಭಾಷೆಯಲ್ಲಿ ಬರೆದ ಪ್ರೋಗ್ರಾಂ, ಅಂದರೆ ‘ಲಿಸ್ಪ್’, ಕೇಳುವುದು ಕೇಂದ್ರ, ವೃತ್ತದ ವ್ಯಾಸ, ಬೋಲ್ಟಿನ ಅಳತೆ, ಸಂಖ್ಯೆ ಇಷ್ಟೇ. 60 ಡಿಗ್ರಿಗೊಂದರಂತೆ 11 ಮಿ.ಮೀ. ತೂತುಗಳನ್ನು ತಾನೇ ಕೂರಿಸುತ್ತದೆ. ಟ್ಯಾಪ್ ಹೊಡೆಯುವುದಿದ್ದರೆ 8.5 ಮಿ.ಮೀ. ಡ್ರಿಲ್ ಎಂದು ಬರೆಯುತ್ತದೆ. 25 ಮಿ.ಮೀ. ತೂತಿಗೆ ಎಚ್7 ಟಾಲರೆನ್ಸ್ ಎಂದರೆ ಸೊನ್ನೆಯಿಂದ +0.021 ಮಿ.ಮೀ.ವರೆಗಿನ ಮಿತಿಯನ್ನು ಪಕ್ಕದಲ್ಲಿ ನಮೂದಿಸುತ್ತದೆ.

ಇಂಥ ಲಿಸ್ಪ್ ಬರೆಯುವುದಕ್ಕಿಂತ ಅದನ್ನು ಚೆನ್ನಾಗಿ ಬರೆಯುವುದೇ ಕಷ್ಟ. ಬಳಸುವವರ ಆಬ್ಜೆಕ್ಟ್ ಸ್ನ್ಯಾಪ್ ಚಾಲೂ ಇದ್ದರೆ, ಲಿಸ್ಪ್ ಇಟ್ಟ ಬಿಂದು ಪಕ್ಕದ ಗೆರೆಗೆ ಅಂಟಿಕೊಂಡು ತೂತು ಜಾಗ ತಪ್ಪಬಹುದು. ಅದಕ್ಕೇ ಪಳಗಿದವರು ಮೊದಲು ಸ್ನ್ಯಾಪ್ ಆಫ್ ಮಾಡುತ್ತಾರೆ. ಕೆಲಸ ಮುಗಿದ ಮೇಲೆ, ನಡುವೆ ಎಸ್ಕೇಪ್ ಒತ್ತಿದರೂ, ಹಳೆಯ ಸೆಟ್ಟಿಂಗ್‌ ಮರಳಿ ಬರುವಂತೆ ನೋಡಿಕೊಳ್ಳುತ್ತಾರೆ. ಆರು ತೂತುಗಳೂ ಒಂದೇ ಅಂಡೂಗೆ ಅಳಿಯುವಂತೆ ಕಟ್ಟುತ್ತಾರೆ. ಡ್ರಾಯಿಂಗ್ ಮಿಲಿಮೀಟರಿನದೋ ಇಂಚಿನದೋ ಎಂದು ಮೊದಲೇ ಪರೀಕ್ಷಿಸುತ್ತಾರೆ. ಅಳತೆಗಳ ಕೋಷ್ಟಕವನ್ನು ಬೇರೆ ಕಡತದಲ್ಲಿಡುತ್ತಾರೆ. ಆಗ ಪ್ರೋಗ್ರಾಮಿಂಗ್ ಬಾರದ ಫೋರ್‌ಮನ್‌ ಕೂಡ ಅದನ್ನು ಓದಿ ತಿದ್ದಬಹುದು.

ಬಳಸುವವರಿಗೂ ಹೊಣೆಯಿದೆ. ಹೊಸ ಲಿಸ್ಪ್ ಕೈಗೆ ಬಂದಾಗ, ಉತ್ತರ ಗೊತ್ತಿರುವ ಹಳೆಯ ಡ್ರಾಯಿಂಗಿನ ಮೇಲೆ ಮೊದಲು ಓಡಿಸಿ ನೋಡಬೇಕು. ಡ್ರಾಯಿಂಗಿನಲ್ಲಿ ನುಸುಳಿದ ತಪ್ಪು ಮಷಿನ್ನಿಗೆ ಹೋದರೆ ಲೋಹವೇ ವ್ಯರ್ಥ.

ಕಲಿಯಲು ದುಬಾರಿ ಲೈಸೆನ್ಸ್ ಬೇಕಿಲ್ಲ. ಉಚಿತವಾಗಿ ಸಿಗುವ ಫ್ರೀಕ್ಯಾಡ್‌ನಲ್ಲಿ ಮಾಡಿದ ಕೆಲಸವನ್ನು ಮ್ಯಾಕ್ರೋ ಆಗಿ ದಾಖಲಿಸಿ, ಪೈಥಾನ್‌ನಲ್ಲಿ ತಿದ್ದಬಹುದು. ಡಿಪ್ಲೊಮಾ ವಿದ್ಯಾರ್ಥಿಗಳು ಪದೇ ಪದೇ ಮಾಡುವ ಒಂದು ಸಣ್ಣ ಕೆಲಸದಿಂದಲೇ ಶುರುಮಾಡಲಿ. ಯಾವ ಅಳತೆ ಎಲ್ಲಿಂದ ಬಂತು ಎಂಬುದನ್ನು ಕೋಡಿನಲ್ಲೇ ಕನ್ನಡದಲ್ಲಿ ಟಿಪ್ಪಣಿಯಾಗಿ ಬರೆದಿಡಲಿ. ಅನುಭವಿ ಡ್ರಾಫ್ಟ್ಸ್‌ಮನ್ ನಿವೃತ್ತರಾದಾಗ ಅವರ ತಿಳಿವಳಿಕೆಯೂ ಗೇಟು ದಾಟಿ ಹೋಗುತ್ತದೆ. ಅದನ್ನು ವರ್ಕ್‌ಶಾಪಿನಲ್ಲೇ ಉಳಿಸಿಕೊಳ್ಳಲು ಇದಕ್ಕಿಂತ ಅಗ್ಗದ ಉಪಾಯವಿಲ್ಲ.