ಗುಬ್ಬಿ ಕಾಣದ ಊರು, ಎರೆಭೂತ ಅರಿಯದ ನಾಡು

ಯಲಹಂಕದ ಬಳಿ ಬಳ್ಳಾರಿ ರಸ್ತೆಯಿಂದ ತಿರುಗಿದರೆ ಸಿಗುವ ಕೋಗಿಲು ಒಂದು ಕಾಲಕ್ಕೆ ಕೆರೆ, ಹೊಲಗಳ ಹಳ್ಳಿ. ಇಂದು ಬೆಂಗಳೂರಿನ ಬಡಾವಣೆ. ಇಂಥ ಊರುಗಳಲ್ಲಿ ಗುಬ್ಬಚ್ಚಿ ಎಲ್ಲಿ ಹೋಯಿತೆಂದು ಹಳಬರನ್ನು ಕೇಳಿ. ಮೊಬೈಲ್ ಟವರ್ ಬಂತು, ಗುಬ್ಬಿ ಸಂತತಿಯೇ ಮುಗಿಯಿತು ಎಂಬ ಉತ್ತರ ಸಿಗುವುದೇ ಹೆಚ್ಚು. ಪ್ರತಿ ಮಾರ್ಚ್ 20ರ ಗುಬ್ಬಚ್ಚಿ ದಿನದಂದು 'ಅಳಿವಿನ ಅಂಚಿನಲ್ಲಿ ಗುಬ್ಬಿ' ಎಂದು ಬರೆದು ಪತ್ರಿಕೆಯವರಾದ ನಾವೂ ಆ ಮಾತಿಗೆ ಮುದ್ರೆ ಒತ್ತಿದ್ದೇವೆ.

ವಿಜ್ಞಾನ ಹೇಳುವುದೇ ಬೇರೆ. ಸುಮಾರು 15,500 ಪಕ್ಷಿವೀಕ್ಷಕರು ಕೊಟ್ಟ ಒಂದು ಕೋಟಿಗೂ ಹೆಚ್ಚು ದಾಖಲೆಗಳನ್ನು ಆಧರಿಸಿ 2020ರಲ್ಲಿ ದೇಶದ ಹಕ್ಕಿಗಳ ಸ್ಥಿತಿಗತಿ ವರದಿ ಹೊರಬಂತು. ಅದರ ಪ್ರಕಾರ ಒಟ್ಟು ದೇಶದಲ್ಲಿ ಗುಬ್ಬಚ್ಚಿ ಹೆಚ್ಚುಕಡಿಮೆ ಸ್ಥಿರವಾಗಿದೆ. ಕಡಿಮೆಯಾಗಿರುವುದು ಬೆಂಗಳೂರಿನಂಥ ಮಹಾನಗರಗಳಲ್ಲಿ. ಟವರೇ ಕಾರಣವೆನ್ನಲು ಗಟ್ಟಿ ಪುರಾವೆಯಿಲ್ಲ. ಹೆಂಚಿನ ಸಂದಿಯ ಗೂಡು, ಮರಿಗಳಿಗೆ ಬೇಕಾದ ಹುಳುಹುಪ್ಪಟೆ ಇಲ್ಲವಾದುದು ಹೆಚ್ಚು ನಂಬಬಹುದಾದ ಕಾರಣ.

ಹಾಗಾದರೆ ಕೋಗಿಲಿನವರ ಮಾತು ಸುಳ್ಳೇ? ಅಲ್ಲ. ಊರಿನಿಂದ ಹಕ್ಕಿ ಮರೆಯಾದದ್ದು ನಿಜ, ಆ ನೋವೂ ನಿಜ. ಆದರೆ ಒಂದೂರಿನಿಂದ ಕಣ್ಮರೆಯಾಗುವುದು ಬೇರೆ, ಭೂಮಿಯಿಂದಲೇ ಅಳಿದುಹೋಗುವುದು ಬೇರೆ. ಮೊದಲನೆಯದರಲ್ಲಿ ಹಕ್ಕಿ ಮರಳಿ ಬರಬಹುದು. ಎರಡನೆಯದರಲ್ಲಿ ಬರಲು ಯಾರೂ ಉಳಿದಿರುವುದಿಲ್ಲ. 1964ರಲ್ಲಿ ಆರಂಭವಾದ ಅಂತರರಾಷ್ಟ್ರೀಯ 'ಕೆಂಪು ಪಟ್ಟಿ' ಬರಿಯ ಸಂಖ್ಯೆಯನ್ನು ಮಾತ್ರ ನೋಡುವುದಿಲ್ಲ. ಇಳಿಕೆಯ ವೇಗ, ಉಳಿದಿರುವ ನೆಲೆಯ ವಿಸ್ತಾರ ಎಲ್ಲವನ್ನೂ ಅಳೆದು ಜೀವಿಗಳನ್ನು ಮೆಟ್ಟಿಲು ಮೆಟ್ಟಿಲಾಗಿ ನಿಲ್ಲಿಸುತ್ತದೆ. ಗುಬ್ಬಿ ಅಲ್ಲಿ ಆತಂಕವಿಲ್ಲದ ಮೆಟ್ಟಿಲಲ್ಲೇ ಇದೆ.

ನಿಜಕ್ಕೂ ಅಂಚಿನಲ್ಲಿರುವುದು ಎರೆಭೂತ. ಗಂಡು ಹಕ್ಕಿ 15 ಕಿಲೋವರೆಗೂ ತೂಗುತ್ತದೆ. ಹೆಣ್ಣು ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಇದನ್ನು ರಾಷ್ಟ್ರಪಕ್ಷಿ ಮಾಡಬೇಕೆಂದು ಸಲೀಂ ಅಲಿ ಬಯಸಿದ್ದರು; 1963ರಲ್ಲಿ ಆ ಪಟ್ಟ ನವಿಲಿಗೆ ಸಂದಿತು. 2018ರ ಹೊತ್ತಿಗೆ ದೇಶದಲ್ಲಿ ಉಳಿದಿದ್ದವು ಸುಮಾರು 150 ಎಂಬ ಅಂದಾಜು, ಬಹುಪಾಲು ರಾಜಸ್ಥಾನದಲ್ಲಿ. ನಮ್ಮ ರಾಣೆಬೆನ್ನೂರಿನ ಬಯಲಿನಿಂದ ಅದು ಮಾಯವಾಯಿತು. ಸಿರುಗುಪ್ಪದ ಎರೆಹೊಲಗಳಲ್ಲಿ ಬೆರಳೆಣಿಕೆಯಷ್ಟು ಉಳಿದವು. ಬೇಟೆ, ವಿದ್ಯುತ್ ತಂತಿಗಳ ಜೊತೆಗೆ ಅದಕ್ಕೆ ಮುಳುವಾದದ್ದು ಒಂದು ಪದ. ಸರ್ಕಾರಿ ಕಡತಗಳಲ್ಲಿ ಹುಲ್ಲುಗಾವಲಿಗೆ ಎಷ್ಟೋ ಕಡೆ 'ಬಂಜರು' ಎಂದೇ ಹೆಸರು. ಬಂಜರಿನಲ್ಲಿ ನೀಲಗಿರಿ ನೆಟ್ಟರೆ ತಪ್ಪೆಂದು ಯಾರಿಗೂ ತೋರುವುದಿಲ್ಲ. ಯಲಹಂಕಕ್ಕೆ ಸಮೀಪದ ಹೆಸರಘಟ್ಟದ ಹುಲ್ಲುಗಾವಲಿಗೂ ಸಂರಕ್ಷಿತ ಪ್ರದೇಶವೆಂಬ ಒಪ್ಪಿಗೆ ದೊರೆತದ್ದು ವರ್ಷಗಳ ಹೋರಾಟದ ನಂತರ, 2024ರಲ್ಲಿ.

ಇದರಿಂದ ನಷ್ಟ ಯಾರಿಗೆ? ಬಾಲ್ಕನಿಗೊಂದು ಮರದ ಗೂಡು ನೇತುಹಾಕಿ ನಾವು ಸಮಾಧಾನ ಪಡುತ್ತೇವೆ. ಗುಬ್ಬಿಗೆ ಅದು ಒಳ್ಳೆಯದೇ. ಎರೆಭೂತಕ್ಕೆ ಬೇಕಾದದ್ದು ಗೂಡಲ್ಲ, ಬಯಲು. ಅದಕ್ಕಾಗಿ ಕೇಳುವ ದನಿ ಮಾತ್ರ ಸಣ್ಣದು, ಏಕೆಂದರೆ ನೋಡದ ಹಕ್ಕಿಗಾಗಿ ಅಳುವುದು ಕಷ್ಟ. ಎಲ್ಲದಕ್ಕೂ 'ಅಳಿವಿನ ಅಂಚು' ಎಂದು ಕೂಗುತ್ತ ಹೋದರೆ, ನಿಜವಾದ ಅಂಚಿನಲ್ಲಿರುವ ಜೀವಿಯ ಸರದಿ ಬಂದಾಗ ಕೇಳುವ ಕಿವಿ ದಣಿದಿರುತ್ತದೆ.

ಆದ್ದರಿಂದ ಇನ್ನು ಮುಂದೆ ಇಂಥ ಸುದ್ದಿ ಓದುವಾಗ ಮೂರು ಪ್ರಶ್ನೆ ಕೇಳಿ: ಎಲ್ಲಿ ಕಡಿಮೆಯಾಯಿತು? ಎಷ್ಟು ವರ್ಷಗಳಲ್ಲಿ? ಎಣಿಸಿದವರು ಯಾರು? ಬರೆಯುವ ನಮ್ಮನ್ನೂ ಕೇಳಿ.