ಹಳೆಯ ಕ್ಲಾರಿನೆಟ್‌ನ ದನಿ ಎಲ್ಲಿ ಸೋರುತ್ತದೆ?

ಊದಿ ಊದಿ ಕ್ಲಾರಿನೆಟ್‌ನ ಮರವೇ ಸೋತುಹೋಗುತ್ತದೆ ಎಂಬ ನಂಬಿಕೆ ಪಾಶ್ಚಾತ್ಯ ವಾದಕರಲ್ಲಿ ಹಳೆಯದು. ದನಿ ಮಂಕಾದ ಎಷ್ಟೋ ವಾದ್ಯಗಳು ಇದೇ ಕಾರಣಕ್ಕೆ ಮೂಲೆ ಸೇರುತ್ತವೆ. ವಾದ್ಯದ ರಚನೆ ನೋಡಿದರೆ ಈ ತೀರ್ಪು ಬಹುಪಾಲು ಅವಸರದ್ದು. ಒಳ್ಳೆಯ ಕ್ಲಾರಿನೆಟ್‌ಗಳ ಒಡಲು ಟಾಂಜಾನಿಯಾ, ಮೊಜಾಂಬಿಕ್‌ಗಳಲ್ಲಿ ಬೆಳೆಯುವ ಗ್ರೆನಡಿಲಾ ಮರದ್ದು. ನಮ್ಮ ಬೀಟೆಯ ಕುಲಕ್ಕೇ ಸೇರಿದ, ನೀರಿನಲ್ಲಿ ಮುಳುಗುವಷ್ಟು ಭಾರದ ಮರ ಅದು. ಅದರ ರಂಧ್ರಗಳನ್ನು ಮುಚ್ಚುವ ಪ್ಯಾಡುಗಳಾದರೋ ಫೆಲ್ಟಿಗೆ ತೆಳುವಾದ ಪ್ರಾಣಿಪೊರೆ ಸುತ್ತಿದ ಬಿಲ್ಲೆಗಳು. ತೇವಕ್ಕೂ ಹುಳಗಳಿಗೂ ಮೊದಲು ಬಲಿಯಾಗುವುದು ಅವೇ. 1839ರಲ್ಲಿ ವಾದಕ ಕ್ಲೋಸೆ ಮತ್ತು ವಾದ್ಯ ತಯಾರಕ ಬುಫೆ ಪ್ಯಾರಿಸ್ಸಿನಲ್ಲಿ ತೋರಿಸಿದ, ಇಂದು ಬೋಮ್ ಪದ್ಧತಿ ಎನಿಸಿಕೊಂಡ ಮಾದರಿಯಲ್ಲಿ 17 ಕೀಗಳಿವೆ. ಬಾಯಿಗೆ ಹತ್ತಿರದ ಒಂದೇ ಪ್ಯಾಡು ಕೂದಲೆಳೆಯಷ್ಟು ಸೋರಿದರೂ ಅದರ ಕೆಳಗಿನ ಸ್ವರಗಳೆಲ್ಲ ಸೊರಗುತ್ತವೆ.

ಪರೀಕ್ಷೆ ಸುಲಭ. ಮೇಲಿನ ತುಂಡನ್ನು ಬಿಡಿಸಿ, ರಂಧ್ರಗಳನ್ನು ಬೆರಳಿನಿಂದಲೂ ಕೆಳತುದಿಯನ್ನು ಅಂಗೈಯಿಂದಲೂ ಮುಚ್ಚಿ ಬಾಯಿಂದ ಗಾಳಿ ಎಳೆದರೆ ಆ ಹಿಡಿತ ಕೆಲವು ಕ್ಷಣ ನಿಲ್ಲಬೇಕು. ತಕ್ಷಣ ಸಡಿಲಿದರೆ ಸೋರಿಕೆಯಿದೆ. ಪ್ಯಾಡಿನ ಕೆಳಗೆ ಸಿಗರೇಟ್ ಕಾಗದದ ಪಟ್ಟಿ ಇಟ್ಟು ಎಳೆದಾಗ ಯಾವ ಬದಿಯಲ್ಲಿ ಬಿಗಿಯಿಲ್ಲದೆ ಜಾರುತ್ತದೋ ದೋಷ ಅಲ್ಲೇ. ಆದರೆ ಹೊಸ ಪ್ಯಾಡು ಅಂಟಿಸಿದ ಮಾತ್ರಕ್ಕೆ ದುರಸ್ತಿ ಮುಗಿಯುವುದಿಲ್ಲ. ಕೀಲು ಸವೆದು ಕೀ ಅಲುಗಾಡುತ್ತಿದ್ದರೆ ಪ್ಯಾಡು ಪ್ರತಿ ಸಲವೂ ಬೇರೆ ಜಾಗದಲ್ಲಿ ಕೂರುತ್ತದೆ. ಮೊದಲು ಕೀಲಿನ ಕೊಳವೆಯನ್ನು ಒತ್ತಿ ಬಿಗಿಮಾಡಬೇಕು, ಅರಗು ಕರಗಿಸಿ ಪ್ಯಾಡು ಕೂರಿಸುವುದು ಆಮೇಲೆ. ಕೀಗಳಡಿಯ ಕಾರ್ಕಿನ ದಪ್ಪವೂ ಲೆಕ್ಕಕ್ಕೆ ಬರುತ್ತದೆ. ತೆರೆದೇ ಇರುವ ಪ್ಯಾಡು ಸಾಕಷ್ಟು ಮೇಲೇಳದಿದ್ದರೆ ಸ್ವರ ಇಳಿದು ಉಸಿರುಗಟ್ಟಿದಂತಾಗುತ್ತದೆ, ಅತಿಯಾಗಿ ಎದ್ದರೆ ಸ್ವರ ಏರುತ್ತದೆ. ದನಿ ಸರಿಪಡಿಸಲೆಂದು ಮರದ ಒಳಕೊಳವೆಯನ್ನೇ ಕೊರೆಯಲು ಹೊರಡುವವರು ಮೊದಲು ಈ ಕಾರ್ಕನ್ನು ನೋಡಬೇಕು. ಕಾರ್ಕನ್ನು ನಾಳೆ ಮತ್ತೆ ಬದಲಿಸಬಹುದು, ಕೊರೆದ ಮರವನ್ನಲ್ಲ.

ಹಾಗಾದರೆ ಮರ ಕೆಡುವುದೇ ಇಲ್ಲವೇ? ಕೆಡುತ್ತದೆ. ಒಳಗೆ ಬೆಚ್ಚನೆಯ ತೇವದ ಉಸಿರು, ಹೊರಗೆ ಚಳಿ. ಈ ಎಳೆದಾಟದಲ್ಲಿ ಹೆಚ್ಚಾಗಿ ಬಿರುಕು ಬಿಡುವುದು ಮೇಲಿನ ತುಂಡು. ಆದರೆ ಬಿರುಕಿಗೆ ಅಡ್ಡಲಾಗಿ ತೆಳುವಾದ ಉಕ್ಕಿನ ತಿರುಪು ಹಾಯಿಸಿಯೋ ಹೊರಗಿನಿಂದ ಪಟ್ಟಿ ಬಿಗಿದೋ ಮುಚ್ಚಿದ ವಾದ್ಯಗಳು ವರ್ಷಗಟ್ಟಲೆ ನುಡಿಯುತ್ತವೆ. ಕೊಳವೆ ಕುಗ್ಗಿ ಅಂಡಾಕಾರಕ್ಕೆ ತಿರುಗುವುದೂ ಉಂಟು. ಅಳತೆ ತೆಗೆದು ಹಾಗೆಂದು ಖಚಿತವಾದರೆ ಮಾತ್ರ ಮರವನ್ನು ದೂರುವುದು ನ್ಯಾಯ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ಶ್ರುತಿಯದು. ಹಿಂದೆ ಬ್ರಿಟಿಷ್ ಸೇನಾ ಬ್ಯಾಂಡುಗಳ ಕ್ಲಾರಿನೆಟ್‌ಗಳನ್ನು ಇಂದಿನ 440 ಹರ್ಟ್ಸ್ ಬದಲು ಸುಮಾರು 452 ಹರ್ಟ್ಸ್‌ನ ಎತ್ತರದ ಶ್ರುತಿಗೆ ಮಾಡುತ್ತಿದ್ದರು. ಶ್ರುತಿ ಇಳಿಸಲೆಂದು ಅವಕ್ಕೆ ಉದ್ದದ ಬ್ಯಾರೆಲ್ (ಬಾಯಿತುಂಡಿನ ಕೆಳಗಿನ ಚಿಕ್ಕ ಕೊಳವೆ) ಹಾಕಿದರೆ ಬಾಯಿಯ ಸಮೀಪದ ಸ್ವರಗಳು ಹೆಚ್ಚು ಇಳಿದು, ದೂರದವು ಕಡಿಮೆ ಇಳಿದು, ಸ್ವರಗಳ ನಡುವಿನ ಅಂತರವೇ ಕೆಡುತ್ತದೆ. ಯಾವ ದುರಸ್ತಿಯೂ ಅವನ್ನು ಆರ್ಕೆಸ್ಟ್ರಾಕ್ಕೆ ಒಗ್ಗಿಸಲಾರದು. ಆದರೂ ಅವುಗಳ ಸ್ವಂತ ಸ್ವರಾಂತರಗಳು ಕೆಟ್ಟಿರುವುದಿಲ್ಲ. ರಾಯಚೂರಿನ ಪಂಡಿತ್ ನರಸಿಂಹಲು ವಡವಾಟಿ ಅವರು ಹಿಂದೂಸ್ತಾನಿ ಕಛೇರಿಯಲ್ಲಿ ನುಡಿಸಿದ ವಾದ್ಯವೂ ಕ್ಲಾರಿನೆಟ್ಟೇ. ಅಲ್ಲಿ ಆಧಾರ ತಂಬೂರಿ. ಅದನ್ನು ವಾದ್ಯದ ಷಡ್ಜಕ್ಕೆ ಏರಿಸಿಕೊಳ್ಳಬಹುದು, ತೊಡಕು ಉಳಿಯುವುದು ಹಾರ್ಮೋನಿಯಂ ಜೊತೆಗೂಡಿದಾಗ. ಹೀಗಾಗಿ ಲಂಡನ್ನಿನ ಆರ್ಕೆಸ್ಟ್ರಾಕ್ಕೆ ಬೇಡವಾದ ಕ್ಲಾರಿನೆಟ್ ನಮ್ಮ ಕಛೇರಿಗೆ ಸಲ್ಲಬಹುದು. ಇನ್ನು ಖರ್ಚು: ಪೂರ್ಣ ದುರಸ್ತಿಯ ವೆಚ್ಚ ಅಗ್ಗದ ಹೊಸ ಪ್ಲಾಸ್ಟಿಕ್ ವಾದ್ಯದ ಬೆಲೆಯನ್ನು ಮೀರಬಹುದು. ಒಡಲು ದೃಢವಾಗಿದ್ದರೆ ಆ ಹಣ ದಂಡವಲ್ಲ. ಕೈ ತಗುಲಿದರೆ ಬಾಗುವ ಮೆತ್ತನೆಯ ಲೋಹದ ಕೀಗಳಿದ್ದರೆ ಮಾತ್ರ ಕೈಬಿಡುವುದು ಲೇಸು, ಏಕೆಂದರೆ ಅಂಥ ಕೀಯ ಮೇಲೆ ಕೂರಿಸಿದ ಪ್ಯಾಡು ಬೇಗನೆ ಮತ್ತೆ ಸೋರತೊಡಗುತ್ತದೆ.